ಹೇರು ಜಗ್ಗುವ ಎತ್ತಿನ ನಡಿಗೆ

ಕಬ್ಬಿನ ಹಂಗಾಮಿನಲ್ಲಿ ಕಾಗವಾಡದಿಂದ ಉಗಾರದ ಕಡೆಗೆ ಹೊರಟವರು ಅವಸರ ಮಾಡಿ ಪ್ರಯೋಜನವಿಲ್ಲ. ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಗಾಡಿಗಳ ಸಾಲು ಮುಂದಿರುತ್ತದೆ. ಅವುಗಳ ಹಿಂದೆ ಸಾವಕಾಶ ಹೋಗುವುದೇ ನನಗೆ ಸುಖ. ಎತ್ತಿನ ನಡಿಗೆಯನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನೋಡಲು ಬೇರೆಲ್ಲಿ ಸಿಗಬೇಕು? ತಲೆ ತಗ್ಗಿರುತ್ತದೆ, ನೊಗ ಹೆಗಲಿಗೆ ಒತ್ತಿರುತ್ತದೆ. ಮೊದಲು ಎಡಗಡೆಯ ಹಿಂಗಾಲು, ಅದರ ಬೆನ್ನಿಗೇ ಎಡ ಮುಂಗಾಲು. ಆಮೇಲೆ ಬಲಗಡೆಯ ಹಿಂಗಾಲು, ಬಲ ಮುಂಗಾಲು. ಕುದುರೆ ನಿಧಾನವಾಗಿ ನಡೆದರೂ ಇದೇ ಕ್ರಮ.

ಈ ನಡಿಗೆಯನ್ನು ಕಂಪ್ಯೂಟರಿನಲ್ಲಿ ಮೂಡಿಸಬೇಕೆಂಬ ಹಟ ಅಥಣಿಯಲ್ಲಿ ಓದುತ್ತಿರುವ ನನ್ನ ಅಣ್ಣನ ಮಗಳದು. ಟೂಡಿ ಅನಿಮೇಷನ್ ಕಲಿಯುತ್ತೇನೆಂದು ಹೊರಟವಳು ಕೇಳಿದ ಮೊದಲ ಮಾತು: "ಕಾಕಾ, ರೊಕ್ಕ ಕೊಡಲಾರದ ಸಾಫ್ಟ್‌ವೇರ್ ಯಾವುದರೆ ಐತೇನು?"

ಬೇಕಾದಷ್ಟಿವೆ. ದೊಡ್ಡ ಸ್ಟುಡಿಯೋಗಳಲ್ಲಿ ನಡೆಯುವ ಟೂನ್ ಬೂಮ್ ಹಾರ್ಮನಿ, ಅಡೋಬಿ ಅನಿಮೇಟ್‌ಗಳಿಗೆ ದುಡ್ಡು ಕಟ್ಟಬೇಕು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗದ ಹುಡುಗರು ಕಲಿಯುವ ಹೊತ್ತಿಗೇ ಅದಕ್ಕೆ ಗಂಟು ಬೀಳಬೇಕಿಲ್ಲ. ಅನಿಮೇಟ್ ಎಂದರೆ ಹಳೆಯ ಫ್ಲ್ಯಾಶೇ. 2016ರಲ್ಲಿ ಹೆಸರು ಬದಲಾಯಿತು, 2020ರ ಕೊನೆಗೆ ಫ್ಲ್ಯಾಶ್ ಪ್ಲೇಯರ್ ನಿಂತೇಹೋಯಿತು. ಎತ್ತು ಕಾಲಿಡುವ ಕ್ರಮ ಮಾತ್ರ ಯಾವ ಕಂಪನಿಯ ಕೈಯಲ್ಲೂ ಇಲ್ಲ.

ನನ್ನ ಮನಸ್ಸು ವಾಲಿದ್ದು ಓಪನ್‌ಟೂನ್ಜ್ ಕಡೆಗೆ. ಇಟಲಿಯಲ್ಲಿ ಹುಟ್ಟಿದ ಟೂನ್ಜ್ ತಂತ್ರಾಂಶವನ್ನು ಜಪಾನಿನ ಘಿಬ್ಲಿ ಸ್ಟುಡಿಯೋ 1997ರ 'ಪ್ರಿನ್ಸೆಸ್ ಮೊನೊನೊಕೆ'ಯಿಂದಲೇ ಬಳಸಿತು. 2016ರಲ್ಲಿ ಅದು ಎಲ್ಲರಿಗೂ ಉಚಿತವಾಯಿತು. ಆದರೆ ತೆರೆದೊಡನೆ ಎದುರಾಗುವ ಪಟ್ಟಿ, ಗುಂಡಿಗಳಿಂದ ಹೊಸಬರಿಗೆ ದಿಕ್ಕು ತೋಚುವುದಿಲ್ಲ. ಕ್ರಿಟಾದಲ್ಲಿ ಬ್ರಷ್ಷುಗಳ ಸೊಗಸೇ ಸೊಗಸು; ಫ್ರೇಮುಗಳನ್ನೆಲ್ಲ ರ್‍ಯಾಮಿನಲ್ಲಿ ಹಿಡಿದಿಟ್ಟುಕೊಳ್ಳುವುದರಿಂದ ಹಳೆಯ ಲ್ಯಾಪ್‌ಟಾಪಿಗೆ ಭಾರ. ಸಿನ್‌ಫಿಗ್ ಎರಡು ಭಂಗಿಗಳ ನಡುವಿನದನ್ನು ತಾನೇ ತುಂಬಿಕೊಡುತ್ತದೆ. ಕಲಿಯುವವರು ಕೈಯಾರೆ ಬರೆದು ತಿಳಿಯಬೇಕಾದದ್ದೇ ಆ ನಡುವಿನದು. ಹೀಗಾಗಿ ಅವಳ ಲ್ಯಾಪ್‌ಟಾಪಿಗೆ ಮೊದಲು ಬಂದದ್ದು ಹಗುರವಾದ ಪೆನ್ಸಿಲ್‌ಟೂಡಿ.

ಸೆಕೆಂಡಿಗೆ 24 ಫ್ರೇಮು. ಒಂದು ಚಿತ್ರವನ್ನು ಎರಡು ಫ್ರೇಮು ನಿಲ್ಲಿಸಿದರೆ 12 ಚಿತ್ರ ಸಾಕು, ನಿಮಿಷಕ್ಕೆ 720. ಎತ್ತಿನ ಒಂದು ಪೂರ್ಣ ಹೆಜ್ಜೆಗೆ ಎರಡು ಸೆಕೆಂಡು ಹಿಡಿದು ಅವಳು 24 ಚಿತ್ರ ಬರೆದಳು. ಹಿಂದಿನ ಮುಂದಿನ ಚಿತ್ರಗಳು ಮಸುಕಾಗಿ ಕಾಣುವಂತೆ ಆನಿಯನ್ ಸ್ಕಿನ್ ಹಾಕಿಕೊಂಡು, ಗೊರಸಿನಿಂದ ಗೊರಸಿಗೆ ಅಳತೆ ನೋಡುತ್ತ ಬರೆದದ್ದು. ಕೊನೆಯ ಚಿತ್ರ ಮೊದಲನೆಯದಕ್ಕೆ ಕೂಡಿಕೊಂಡಿತು. ಎತ್ತು ನಡೆಯಿತು! ಮನೆಮಂದಿಯೆಲ್ಲ ಪರದೆಯ ಸುತ್ತ ನೆರೆದರು.

ನಮ್ಮಪ್ಪ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ಎತ್ತು ಚೆಂದ ಐತಿ ಬಿಡವಾ. ಆದರ ಗಾಡ್ಯಾಗ ಕಬ್ಬಿಲ್ಲ" ಎಂದರು. ಗಾಡಿಯ ತುಂಬ ಕಬ್ಬು ಬರೆದಿದ್ದಾಳಲ್ಲ! "ಹೇರಿದ್ದರ ಕಾಲು ನೆಲಾ ಹಿಡಿದು ನಿಲ್ತೈತಿ. ಇದು ಹಗೂರ ಎತ್ತಿ ಇಡಾಕತ್ತೈತಿ, ನೋಡು."

ಎಂಥ ಕಣ್ಣು! ಆಯುಷ್ಯವೆಲ್ಲ ಎತ್ತಿನ ಹಿಂದೆ ನಡೆದವರಿಗೆ ಕಂಡದ್ದನ್ನು ಯಾವ ಸಾಫ್ಟ್‌ವೇರಿನ ಪಾಠವೂ ಹೇಳಿರಲಿಲ್ಲ. ಅವಳು ಅಜ್ಜನನ್ನು ಪಕ್ಕಕ್ಕೆ ಕೂರಿಸಿಕೊಂಡೇ ತಿದ್ದಿದಳು. ಗೊರಸು ನೆಲದಲ್ಲಿರುವ ಚಿತ್ರಗಳು ಹೆಚ್ಚಿದವು, ಗಾಳಿಯಲ್ಲಿರುವವು ಕಡಿಮೆಯಾದವು. ಮುಂಗಾಲಿನ ಮೇಲೆ ಭಾರ ಬಿದ್ದಾಗ ಹೆಗಲು ತುಸು ಕುಸಿಯಿತು, ಕತ್ತು ಮುಂದಕ್ಕೆ ಚಾಚಿತು. "ಈಗ ತುಂಬೈತಿ" ಎಂದರು ಅಪ್ಪ.

ಪೆನ್ಸಿಲ್‌ಟೂಡಿಯಲ್ಲಿ ಬರೆದದ್ದನ್ನು ಚಿತ್ರಗಳ ಸಾಲಾಗಿ ಹೊರತೆಗೆದು ಕ್ರಿಟಾಕ್ಕೋ ಓಪನ್‌ಟೂನ್ಜ್‌ಗೋ ಒಯ್ಯಬಹುದು, ದುಡಿಮೆ ವ್ಯರ್ಥವಾಗುವುದಿಲ್ಲ. ಬಣ್ಣಕ್ಕೆ ಅವಳು ಕ್ರಿಟಾ ಹಿಡಿದಿದ್ದಾಳೆ. ಗಾಡಿಯ ಪಕ್ಕದಲ್ಲಿ ನಡೆಯುವವನ ಕಾಲಿಗೆ ಅಥಣಿಯ ಚಪ್ಪಲಿ ಬೇಕಂತೆ. ಅದರ ಕರಕರ ಸದ್ದನ್ನು ಮೊಬೈಲಿನಲ್ಲಿ ಆಗಲೇ ಹಿಡಿದು ತಂದಿದ್ದಾಳೆ. ಸದ್ದಿಗೆ ಸರಿಯಾಗಿ ಹೆಜ್ಜೆ ಬೀಳಬೇಕಲ್ಲ, ಇನ್ನು ಮನುಷ್ಯನ ನಡಿಗೆಯನ್ನು ಮೊದಲಿನಿಂದ ಬರೆಯಬೇಕು.