ಅಲೆಕ್ಸಾಂಡ್ರಿಯಾದಲ್ಲಿ ಮಗಳು ಕಲಿಸಿದ ಪಾಠ

ಮಠದ ಪಾಠಶಾಲೆಯಲ್ಲಿ ಓದಿ, ಬದುಕಿನ ಬಹುಭಾಗವನ್ನು ಓಲೆಗರಿಗಳ ನಡುವೆ ಕಳೆದ ನನಗೆ ಕಡಲಾಚೆಯ ನಾಡನ್ನು ಕಾಣುವ ಯೋಗ ಒದಗೀತೆಂಬ ಎಣಿಕೆಯಿರಲಿಲ್ಲ. ಈಜಿಪ್ಟಿನ ಕೈರೋ ನಗರದಲ್ಲಿ ಉದ್ಯೋಗದಲ್ಲಿದ್ದ ಮಗಳು 2023ರ ಜನವರಿಯಲ್ಲಿ ಹಟ ಹಿಡಿದು ಕರೆಸಿಕೊಂಡಳು. "ಪಿರಮಿಡ್ಡುಗಳನ್ನು ಎಲ್ಲರೂ ನೋಡುತ್ತಾರೆ ಅಪ್ಪಾ, ನಿಮಗೆ ತೋರಿಸಬೇಕಾದ ಊರು ಬೇರೆಯೇ ಇದೆ" ಎಂದು ಮೂರು ದಿನಗಳ ಮಟ್ಟಿಗೆ ಅಲೆಕ್ಸಾಂಡ್ರಿಯಾಕ್ಕೆ ಹೊರಡಿಸಿದಳು. ರೈಲಿನಲ್ಲಿ ಸುಮಾರು ಮೂರು ಗಂಟೆಗಳ ದಾರಿ.

ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರನು ಸ್ಥಾಪಿಸಿದ ಈ ಪಟ್ಟಣವನ್ನು ಅರಬರು ಇಸ್ಕಂದರಿಯಾ ಎನ್ನುತ್ತಾರೆ. ಮೆಡಿಟರೇನಿಯನ್ ಸಮುದ್ರ ಇಲ್ಲಿ ಬಿಲ್ಲಿನಂತೆ ಬಾಗಿ ಒಳಸೇರಿದೆ. ಆ ಬಿಲ್ಲಿನ ಪಶ್ಚಿಮದ ತುದಿಯಲ್ಲಿ 1477ರಲ್ಲಿ ಸುಲ್ತಾನ ಕೈಟ್‌ಬೇ ಕಟ್ಟಿಸತೊಡಗಿದ ಕೋಟೆ. ಪ್ರಾಚೀನ ಪ್ರಪಂಚದ ಏಳು ಅದ್ಭುತಗಳಲ್ಲಿ ಒಂದಾದ ದೀಪಸ್ತಂಭ ನಿಂತಿದ್ದುದು ಅದೇ ಜಾಗದಲ್ಲಿ. ಭೂಕಂಪಗಳಿಗೆ ಕುಸಿದ ಅದರ ಕಲ್ಲುಗಳೇ ಕೋಟೆಯ ಗೋಡೆಗಳನ್ನು ಸೇರಿದವು.

ಕಡಲತಡಿಯ ಹೆದ್ದಾರಿಯಲ್ಲಿ ಕಾರುಗಳ ಪ್ರವಾಹ. ದಾಟಲಾರದೆ ನಾನು ಹಿಂಜರಿದು ನಿಂತಾಗ, ಬಂಡಿಯಲ್ಲಿ ಗೆಣಸು ಸುಟ್ಟು ಮಾರುತ್ತಿದ್ದ ಗಡ್ಡದ ಮುದುಕನೊಬ್ಬ ರಸ್ತೆಗಿಳಿದು, ಕೈಯೆತ್ತಿ ವಾಹನಗಳನ್ನು ನಿಲ್ಲಿಸಿದ. ಒಂದು ಕೈಯನ್ನು ಅವನು, ಇನ್ನೊಂದನ್ನು ಮಗಳು ಹಿಡಿದು ಆಚೆಗೆ ಮುಟ್ಟಿಸಿದರು. ಅವನ ಭಾಷೆ ನನಗೆ ತಿಳಿಯದು, ನನ್ನದು ಅವನಿಗೆ ತಿಳಿಯದು. ಎದೆಯ ಮೇಲೆ ಕೈಯಿಟ್ಟು ನಕ್ಕು ಹಿಂದಿರುಗಿದ.

ಮರುದಿನ ಗ್ರಂಥಾಲಯಕ್ಕೆ ಹೋದೆವು. ಟಾಲೆಮಿ ಅರಸರ ಪುರಾತನ ಗ್ರಂಥಭಂಡಾರದ ನೆನಪಿಗಾಗಿ ಕಟ್ಟಿ 2002ರ ಅಕ್ಟೋಬರ್‌ನಲ್ಲಿ ಉದ್ಘಾಟಿಸಿದ ಭವನವಿದು. ಕಡಲಿನಿಂದ ಮೇಲೇಳುವ ಸೂರ್ಯಬಿಂಬದಂತೆ ಓರೆಯಾಗಿ ನಿಂತ 160 ಮೀಟರ್ ವ್ಯಾಸದ ಸೌಧ. ಹೊರಗೋಡೆಯ ಆಸ್ವಾನ್ ಕಲ್ಲಿನ ಮೇಲೆ 120 ಲಿಪಿಗಳ ಅಕ್ಷರಗಳು. ಆ ಗೋಡೆಯ ಮುಂದೆ ನಿಂತು, ಊರಲ್ಲಿ ಉಪನ್ಯಾಸ ಮಾಡುವ ಧಾಟಿಯಲ್ಲೇ ಆರಂಭಿಸಿದೆ: "ನೋಡವ್ವಾ, ಹಳೆಯ ಭಂಡಾರವನ್ನು ಖಲೀಫ ಉಮರನ ಅಪ್ಪಣೆಯಂತೆ ಸುಟ್ಟರು. ಆರು ತಿಂಗಳ ಕಾಲ ಪಟ್ಟಣದ ಸ್ನಾನಗೃಹಗಳ ಒಲೆಗೆ ಪುಸ್ತಕಗಳೇ ಸೌದೆಯಾದವು."

ಮಗಳು ಮೆಲ್ಲಗೆ ಕೇಳಿದಳು: "ಅಪ್ಪಾ, ಇದಕ್ಕೆ ಆಧಾರವೇನು?"

ಮೂವತ್ತು ವರ್ಷ ನಾನು ಶಿಷ್ಯರಿಗೆ ಹಾಕಿದ ಪ್ರಶ್ನೆಯದು. ನನ್ನಲ್ಲಿ ಉತ್ತರವಿರಲಿಲ್ಲ. ಯಾರೋ ವೇದಿಕೆಯಲ್ಲಿ ಹೇಳಿದ್ದನ್ನು ಕೇಳಿದ್ದೆ, ನಾನೂ ವೇದಿಕೆಗಳಲ್ಲಿ ಹೇಳುತ್ತ ಬಂದಿದ್ದೆ.

ಆ ರಾತ್ರಿ ತಂಗಿದ್ದಲ್ಲಿ ಅವಳು ತೆಗೆದುಕೊಟ್ಟದ್ದನ್ನೆಲ್ಲ ಓದಿದೆ. ಅರಬರು ಈ ಪಟ್ಟಣವನ್ನು ಗೆದ್ದದ್ದು ಕ್ರಿ.ಶ. 642ರ ಸುಮಾರಿಗೆ. ಸುಟ್ಟ ಕಥೆ ಮೊದಲು ಬರಹದಲ್ಲಿ ಕಾಣುವುದು ಸುಮಾರು 1200ರಲ್ಲಿ, ಅಂದರೆ ಐದೂವರೆ ಶತಮಾನಗಳ ಬಳಿಕ. ಆಲ್ಫ್ರೆಡ್ ಬಟ್ಲರ್ ಎಂಬ ವಿದ್ವಾಂಸ 1902ರಲ್ಲಿಯೇ ಅದನ್ನು ಪರಿಶೀಲಿಸಿ ತಳ್ಳಿಹಾಕಿದ್ದಾನೆ. ಅರಬರು ಬರುವಷ್ಟರಲ್ಲಿ ಭಂಡಾರವೇ ಉಳಿದಿರಲಿಲ್ಲ. ಕ್ರಿ.ಪೂ. 145ರಲ್ಲಿ ಎಂಟನೆಯ ಟಾಲೆಮಿ ಪಂಡಿತರನ್ನು ಓಡಿಸಿದ, ಕ್ರಿ.ಪೂ. 48ರಲ್ಲಿ ಸೀಸರನ ಯುದ್ಧದಲ್ಲಿ ಬೆಂಕಿ ಬಿತ್ತು, ಕ್ರಿ.ಶ. 391ರಲ್ಲಿ ಸೆರಾಪಿಸ್ ದೇವಾಲಯ ನೆಲಸಮವಾಯಿತು. ಇವೆಲ್ಲಕ್ಕಿಂತ ಮಿಗಿಲಾದ ಶತ್ರು ಅಲಕ್ಷ್ಯ. ಕಡಲತೀರದ ತೇವದಲ್ಲಿ ಪಪೈರಸ್ ಸುರುಳಿ ಬಾಳದು. ಮತ್ತೆ ಮತ್ತೆ ಪ್ರತಿ ಮಾಡುತ್ತಿರಬೇಕು. ಪ್ರತಿ ಮಾಡುವ ಕೈ ನಿಂತಲ್ಲಿ ಗ್ರಂಥವೂ ಮುಗಿಯಿತು.

ಇದೇ ದೇಶದ ಒಳನಾಡಿನ ಒಣಮರಳಿನಲ್ಲಿ ಮಾತ್ರ ಬೇರೆಯೇ ಸಂಗತಿ. ಆಕ್ಸಿರಿಂಕಸ್ ಎಂಬ ಹಾಳೂರಿನ ತಿಪ್ಪೆಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ 1896ರಿಂದ ಅಗೆದು ಸಹಸ್ರಾರು ಪಪೈರಸ್ ಚೂರುಗಳನ್ನು ತೆಗೆದರು. ಅವುಗಳಲ್ಲಿ ಒಂದು ಗ್ರೀಕ್ ಪ್ರಹಸನ. ಭಾರತದ ಕರಾವಳಿಯಲ್ಲಿ ಸೆರೆಸಿಕ್ಕ ಕ್ಯಾರಿಷನ್ ಎಂಬ ಯುವತಿಯ ಕಥೆ. ಅದರಲ್ಲಿಯ ಪರಭಾಷೆಯ ಮಾತುಗಳು ಕನ್ನಡವೆಂದು ಹುಲ್ಟ್ಶ್ 1904ರಲ್ಲಿ ಸೂಚಿಸಿದ. ಮಂಜೇಶ್ವರದ ಗೋವಿಂದ ಪೈಗಳೂ ಅದರ ಬಗ್ಗೆ ವಿಚಾರ ಮಾಡಿದರು. ತುಳು ಎಂಬವರೂ ಇದ್ದಾರೆ, ಎರಡನ್ನೂ ಒಪ್ಪದವರೂ ಇದ್ದಾರೆ. ನಿರ್ಣಯ ಏನೇ ಇರಲಿ, ವಾದಿಸಲು ಒಂದು ಚೂರಾದರೂ ಉಳಿದದ್ದು ತಿಪ್ಪೆಯ ಪುಣ್ಯ.

ಇದನ್ನು ನಾನು ಬೆರಗಿನಿಂದ ಹೇಳುತ್ತಿರುವಾಗ ಮಗಳು ಕಿಟಕಿಯ ಆಚೆ ನೋಡುತ್ತ ಅಂದಳು: "ಅಪ್ಪಾ, ನಮ್ಮ ಅಟ್ಟದ ಓಲೆಕಟ್ಟುಗಳನ್ನು ಯಾವ ಖಲೀಫ ಸುಟ್ಟ?"

ನನ್ನ ತಂದೆಯವರು ಹನ್ನೊಂದು ಓಲೆಕಟ್ಟುಗಳನ್ನು ಒಪ್ಪಿಸಿ ಹೋಗಿದ್ದರು. ಪರರ ಮನೆಯ ಪ್ರತಿಗಳನ್ನು ಹುಡುಕಿ ಊರೂರು ತಿರುಗಿದ ನಾನು, ಮನೆಯವನ್ನು "ಮುಂದಿನ ಬೇಸಿಗೆಗೆ" ಎಂದು ಅಟ್ಟದಲ್ಲೇ ಬಿಟ್ಟೆ. ಹೆಂಚು ಸೋರಿತು, ಗೆದ್ದಲು ಹತ್ತಿತು. ಹತ್ತನೆಯ ವಯಸ್ಸಿನ ಈ ಮಗಳೇ ಮಣ್ಣಾದ ಗರಿಗಳನ್ನು ಮೊರದಲ್ಲಿ ತುಂಬಿ ಇಳಿಸಿದ್ದಳು. ಉಳಿದವು ಎರಡು ಕಟ್ಟು. ಆ ದಿನ ಅವಳು ಏನೂ ಅನ್ನಲಿಲ್ಲ. ಇಪ್ಪತ್ತೈದು ವರ್ಷಗಳ ಮೇಲೆ ಅಂದಳು. ನನಗೆ ಕೋಪ ಬರಲಿಲ್ಲ, ಕಣ್ಣು ತುಂಬಿತು. ಅನ್ಯನೊಬ್ಬನ ಬೆಂಕಿಯ ಕಥೆ ನನಗೇಕೆ ಅಷ್ಟು ರುಚಿಸಿತೆಂಬುದು ಆಗ ತಿಳಿಯಿತು.

ಮೂರನೆಯ ದಿನ ಮತ್ತೆ ಗ್ರಂಥಾಲಯಕ್ಕೆ ಹೋದೆವು. ಅಲ್ಲಿಯ ಹಿರಿಯ ನೌಕರರೊಬ್ಬರು 2011ರ ಜನವರಿಯ ದಂಗೆಯ ದಿನಗಳನ್ನು ವರ್ಣಿಸಿದರು. ಪಟ್ಟಣದಲ್ಲಿ ಪೊಲೀಸರೇ ಇಲ್ಲದಾಗ ಊರಿನ ತರುಣರು ಕೈಗೆ ಕೈ ಕೂಡಿಸಿ ಈ ಭವನದ ಸುತ್ತ ಬೇಲಿಯಾಗಿ ನಿಂತು ಪುಸ್ತಕಗಳನ್ನು ಕಾಯ್ದರಂತೆ. ಹೆದ್ದಾರಿಯಲ್ಲಿ ನನ್ನ ಕೈ ಹಿಡಿದ ಮುದುಕನ ನೆನಪಾಯಿತು.

ಊರಿಗೆ ಮರಳಿದ ಮೇಲೆ ಎರಡು ಕೆಲಸ ಮಾಡಿದೆ. ಆ ಸುಟ್ಟ ಕಥೆಯನ್ನು ಹಿಂದೆ ಹೇಳಿದ್ದ ಒಂದು ವೇದಿಕೆಯಲ್ಲಿಯೇ ನಿಂತು, ನಾನು ಆಧಾರವಿಲ್ಲದೆ ಆಡಿದ್ದೆನೆಂದು ಒಪ್ಪಿಕೊಂಡೆ. ಕೆಲವರಿಗೆ ಅದು ಹಿಡಿಸಲಿಲ್ಲ. ನನಗೆ ಮಾತ್ರ ಎದೆ ಹಗುರಾಯಿತು. ಉಳಿದ ಎರಡು ಕಟ್ಟುಗಳನ್ನು ಶುಚಿಗೊಳಿಸಿ, ಗರಿ ಗರಿಯ ಛಾಯಾಚಿತ್ರ ತೆಗೆಸಿ, ಒಂದು ಪ್ರತಿಯನ್ನು ಮಗಳಿಗೆ ಕಳುಹಿಸಿದೆ.

ಓದುಗ ಬಂಧುಗಳಲ್ಲಿ ನನ್ನ ವಿನಂತಿಯಿಷ್ಟೆ. ಮಳೆಗಾಲ ಹಿಡಿಯುವ ಮೊದಲು ಒಮ್ಮೆ ನಿಮ್ಮ ಮನೆಯ ಅಟ್ಟ ಹತ್ತಿ ನೋಡಿರಿ. ಜೊತೆಗೆ ಮಕ್ಕಳನ್ನೂ ಕರೆದುಕೊಳ್ಳಿರಿ.