ಹರಿಹರದ ದಾರಿಯಲ್ಲಿ ಅಜ್ಜನ ಬುಲೆಟ್

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಬೆಳಗಿನ ಆರು ಗಂಟೆಗೆ ಕೇಳಿಬರುವ ಸದ್ದುಗಳು ಬಹಳ ಬಗೆಯವಲ್ಲ. ಹಾಲಿನವನ ಕೂಗು, ಅಂಗಳಕ್ಕೆ ನೀರು ಹಾಕುವ ಸಪ್ಪಳ, ದೂರದ ರೈಲಿನ ಸಿಳ್ಳು, ಇಷ್ಟೇ. ಹಿಂದೆ ಇವುಗಳ ಜೊತೆಗೆ ನಮ್ಮ ಮನೆಯದೂ ಒಂದು ಸದ್ದು ಸೇರುತ್ತಿದ್ದಿತು. ಅದು ಅಜ್ಜನ ಬುಲೆಟ್ಟಿನದು. ಹತ್ತಿ ಗಿರಣಿಯಲ್ಲಿ ಕೆಲಸದಲ್ಲಿದ್ದ ಅಜ್ಜ 1967ರಲ್ಲಿ ಕೊಂಡ ಗಾಡಿ ಅದು. ಶ್ರಾವಣ ಸೋಮವಾರಗಳಂದು ಅದನ್ನೇರಿ ಹರಿಹರಕ್ಕೆ ಹೋಗಿ, ತುಂಗಭದ್ರೆಯಲ್ಲಿ ಮಿಂದು, ಹರಿಹರೇಶ್ವರನ ದರ್ಶನ ಮಾಡಿಕೊಂಡು ಬರುವುದು ಅವರ ನೇಮವಾಗಿದ್ದಿತು.

ಅವರು ತೀರಿಕೊಂಡ ಮೇಲೆ ಗಾಡಿ ಎಂಟು ತಿಂಗಳು ಹೊದಿಕೆಯಡಿಯಲ್ಲೇ ನಿಂತಿತು. ಅದನ್ನು ಮಾರಿಬಿಡುವ ಮಾತು ಮನೆಯಲ್ಲಿ ನಡೆದಿತ್ತು. ಕೊಳ್ಳುವವರೂ ಬಂದು ನೋಡಿ ಹೋಗಿದ್ದರು. ಅದಕ್ಕೆ ಮೊದಲು ಒಂದು ಸೋಮವಾರವಾದರೂ ನಾನು ಹರಿಹರಕ್ಕೆ ಹೋಗಿ ಬರಲೆಂಬುದು ಅಜ್ಜಿಯ ಆಸೆ. ಕಾಲೇಜಿಗೆ ಒಂದು ದಿನದ ರಜೆ ಹಾಕಿದೆ. ಹಿಂದಿನ ರಾತ್ರಿ ಎಣ್ಣೆ ಅಳೆಯುವ ಕಡ್ಡಿಯನ್ನು ತೆಗೆದು ನೋಡಿದರೆ ಅದರ ತುದಿ ಮಾತ್ರ ಒದ್ದೆಯಾಗಿದ್ದಿತು. ಎಣ್ಣೆ ತೀರಿದೆಯೆಂದು ತಿಳಿದು ಒಂದು ಲೀಟರ್ ಸುರಿದೆ.

ಬೆಳಿಗ್ಗೆ ಗಾಡಿ ಹೊತ್ತಿಕೊಂಡಾಗ ಬೀದಿಯೆಲ್ಲ ನೀಲಿ ಹೊಗೆ. ಜಗುಲಿಯ ಮೇಲೆ ಕುಳಿತಿದ್ದ ಅಜ್ಜಿ, “ಅವರ ಗಾಡಿ ಹಿಂಗ ಹೊಗಿ ಬಿಡತಿರಲಿಲ್ಲಪ್ಪ,” ಎಂದರು. ವಯಸ್ಸಾಯಿತಲ್ಲ ಎಂದು ನಕ್ಕು ಹೊರಟೆ.

ಹಳೆಯ ಪಿ.ಬಿ. ರಸ್ತೆಯಲ್ಲಿ ಹರಿಹರ ಸುಮಾರು 14 ಕಿಲೋಮೀಟರು. ಊರು ಹಿಂದೆ ಸರಿದು ಗದ್ದೆಗಳ ಹಸಿರು ಕಣ್ಣಿಗೆ ಬೀಳುವ ಹೊತ್ತಿಗೆ ಮನಸ್ಸು ಹಗುರವಾಗಿದ್ದಿತು. ದೊಡ್ಡಬಾತಿ ದಾಟಿ ಇಂಜಿನ್ ಚೆನ್ನಾಗಿ ಕಾದ ಮೇಲೆ ಅದರೊಳಗಿಂದ ಟಿಕ್ ಟಿಕ್ ಎಂಬ ಒಣ ಸದ್ದು ಕೇಳಿಸತೊಡಗಿತು. ಆ ಕಾಲದ ಬುಲೆಟ್ಟಿನಲ್ಲಿ ಎಣ್ಣೆಯ ಒತ್ತಡವನ್ನು ತೋರಿಸುವ ಮುಳ್ಳಿಲ್ಲ, ದೀಪವಿಲ್ಲ. ಸವಾರನ ಕಿವಿಯೇ ಮಾಪಕ. ನನ್ನ ಕಿವಿಗೆ ಆ ಅಭ್ಯಾಸವಿರಲಿಲ್ಲ. ನಡುನಡುವೆ ನಿಲ್ಲಿಸಿ, ಆರಿಸಿ, ಎತ್ತಿನ ಗಾಡಿಯ ವೇಗದಲ್ಲಿ ಹರಿಹರ ಮುಟ್ಟಿದೆ.

ಊರೊಳಗೆ ಮೊದಲು ಸಿಕ್ಕಿದ ಗ್ಯಾರೇಜಿನ ತರುಣನು ಎರಡು ನಿಮಿಷ ಕೇಳಿ ತೀರ್ಪು ಕೊಟ್ಟುಬಿಟ್ಟನು: “ಬಿಗ್ ಎಂಡ್ ಹೋಗೈತಿ ಸಾರ್. ಇಂಜಿನ್ ಪೂರಾ ಬಿಚ್ಚಬೇಕು. ಅಷ್ಟು ಖರ್ಚು ಮಾಡೋ ಬದಲು ಗುಜರಿ ರೇಟಿಗೆ ಕೊಟ್ಟುಬಿಡ್ರಿ, ನಾನೇ ತಗೋತೀನಿ.” ನನ್ನ ಮುಖ ಕಂಡ ಪಕ್ಕದ ಚಹಾದಂಗಡಿಯವರು, ದೇವಸ್ಥಾನದ ಹತ್ತಿರದ ಓಣಿಯಲ್ಲಿ ಕಿರ್ಲೋಸ್ಕರಿನ ಹಿರಿಯರೊಬ್ಬರಿದ್ದಾರೆ, ಅವರಿಗೊಮ್ಮೆ ತೋರಿಸಿ ಎಂದರು.

ಹರಿಹರದವರು ಬರಿದೆ ‘ಕಿರ್ಲೋಸ್ಕರ್’ ಎಂದರೆ ಅದು 1941ರಲ್ಲಿ ಇಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ. ಇಲ್ಲಿ ತಯಾರಾದ ಲೇತುಗಳು ದೇಶದ ನಾನಾ ಕಾರ್ಖಾನೆಗಳನ್ನು ಸೇರಿದವು. ಕಾರ್ಖಾನೆ ಮುಚ್ಚಿ ವರ್ಷಗಳಾಗಿವೆ. ಅಲ್ಲಿ ಕೈ ಪಳಗಿದವರು ಮಾತ್ರ ಊರಿನಲ್ಲಿ ಇನ್ನೂ ಇದ್ದಾರೆ. ಈ ಹಿರಿಯರು ಅಂಥವರಲ್ಲೊಬ್ಬರು. ನೀಳವಾದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ವೈದ್ಯರು ಎದೆ ಪರೀಕ್ಷಿಸುವಂತೆ ಕೇಳಿದರು.

“ಬಿಗ್ ಎಂಡ್ ಹೋದ್ರ ಕೆಳಗಿಂದ ಧಡ್ ಧಡ್ ಅಂತ ಗುದ್ದಿದಂಗ ಬರತೈತ್ರಿ ಮೇಷ್ಟ್ರ. ಇದು ಮ್ಯಾಲಿನ ರಾಕರ್ ಸಪ್ಪಳ. ಆಯಿಲ್ ಸಾಲವಲ್ದು.”

ಒಂದು ಲೀಟರ್ ಸುರಿದಿದ್ದೇನಲ್ಲ ಎಂದೆ. ಅವರು ಕಡ್ಡಿ ತೆಗೆದು ತೋರಿಸಿದರು. ಎಣ್ಣೆ ಮೇಲಿನ ಗೆರೆಯನ್ನೂ ಮೀರಿ ನಿಂತಿದ್ದಿತು!

ಇದರ ಗುಟ್ಟನ್ನು ಅವರು ವಿವರಿಸಿದರು. ಈ ಇಂಜಿನ್ನಿನ ಎಣ್ಣೆಯ ತೊಟ್ಟಿ ಅದರ ಒಡಲಿನಲ್ಲಿಯೇ ಇದೆ. ತುಂಬಿದರೆ ಎರಡು ಲೀಟರಿಗೆ ತುಸು ಹೆಚ್ಚು ಹಿಡಿಯುತ್ತದೆ. ಒಂದು ಪಂಪು ಎಣ್ಣೆಯನ್ನು ತೊಟ್ಟಿಯಿಂದ ಕ್ರ್ಯಾಂಕಿಗೆ ನೂಕುತ್ತದೆ; ಇನ್ನೊಂದು ಕೆಳಗೆ ಬಿದ್ದ ಎಣ್ಣೆಯನ್ನು ಮರಳಿ ತೊಟ್ಟಿಗೆ ತರುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ ತೊಟ್ಟಿಯ ಎಣ್ಣೆ ಮೆಲ್ಲಗೆ ಜಿನುಗಿ ಕ್ರ್ಯಾಂಕಿನ ಕೋಣೆಗೆ ಇಳಿಯುತ್ತದೆ. ಆಗ ಕಡ್ಡಿ ಒಣಗಿದಂತೆ ಕಂಡರೂ ಎಣ್ಣೆ ಒಳಗೇ ಇರುತ್ತದೆ. ನಾನು ಸುರಿದದ್ದು ಅದರ ಮೇಲಿನ ಹೆಚ್ಚುವರಿ. ಬೆಳಗಿನ ಹೊಗೆಯೆಲ್ಲ ಕೆಳಗೆ ಇಳಿದು ನಿಂತಿದ್ದ ಎಣ್ಣೆಯದು.

ಎಣ್ಣೆ ಇಷ್ಟಿದ್ದೂ ಒತ್ತಡವೇಕಿಲ್ಲ ಎಂದು ಕೇಳಿದೆ. “ಪಂಪು ಬರೇ ಆಯಿಲ್ ದೂಡತೈತ್ರಿ. ದಾರಿ ಬಿಗಿ ಇದ್ರ ಪ್ರೆಷರ್. ದಾರಿ ಕಟ್ಟಿದ್ರೂ ಕೆಟ್ಟತು, ನಡುವ ಸೋರಿದ್ರೂ ಕೆಟ್ಟತು.” ತಲೆಯ ಕಡೆಗೆ ಹೋಗುವ ಸಣ್ಣ ಕೊಳವೆಯ ತಿರುಪನ್ನು ಸಡಿಲಿಸಿ ಇಂಜಿನ್ ನಡೆಸಿದರು. ಬುಳುಬುಳು ಬರಬೇಕಾದ ಎಣ್ಣೆ ಹನಿ ಹನಿಯಾಗಿ ಬಂದಿತು. ಇನ್ನು ಕಟ್ಟಿದ್ದೆಲ್ಲಿ, ಸೋರುವುದೆಲ್ಲಿ ಎಂದು ನೋಡಬೇಕೆಂದು ಎಣ್ಣೆಯೆಲ್ಲ ಬಸಿಯಲು ಬಿಟ್ಟು, “ಅಷ್ಟೊತ್ತಿಗೆ ದೇವರ ದರ್ಶನ ಮಾಡ್ಕೊಂಡು ಬರ್ರಿ,” ಎಂದರು.

ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಗುಡಿ ಅದು. ಒಂದೇ ಮೂರ್ತಿಯಲ್ಲಿ ಒಂದು ಪಾರ್ಶ್ವ ಹರಿ, ಒಂದು ಪಾರ್ಶ್ವ ಹರ. ದರ್ಶನ ಮುಗಿಸಿ, ಹಿಂದೆ ವಿದ್ಯಾರ್ಥಿಗಳನ್ನು ಕರೆತಂದು ಓದಿಸಿದ್ದ ಶಾಸನದ ಕಲ್ಲಿನ ಮುಂದೆ ನಿಂತೆ. ಸವೆದ ಅಕ್ಷರಗಳ ಮೇಲೆ ಬೆರಳಾಡಿಸಿ ನಾಲ್ಕು ಸಾಲು ಬಿಡಿಸಿದಾಗ ಮನಸ್ಸಿಗೆ ಸ್ವಲ್ಪ ಸಮಾಧಾನವಾಯಿತು.

ಮರಳಿದಾಗ ಹಿರಿಯರ ಮುಂದೆ ಎರಡು ವಸ್ತುಗಳಿದ್ದುವು. ಒಂದು, ಕಪ್ಪು ಜಿಡ್ಡು ಕಟ್ಟಿದ ಫೆಲ್ಟಿನ ಫಿಲ್ಟರು. ಇನ್ನೊಂದು, ಉಂಗುರದಂಥ ಪುಟ್ಟ ಬೆಂಡಿನ ವಾಷರು. ಟೈಮಿಂಗ್ ಕವರಿನಿಂದ ಕ್ರ್ಯಾಂಕಿನ ತುದಿಗೆ ಎಣ್ಣೆ ದಾಟುವ ಜಾಗವನ್ನು ಬಿಗಿಹಿಡಿಯುವುದು ಅದೇ. ಅದು ಕಲ್ಲಿನಂತೆ ಗಟ್ಟಿಯಾಗಿ ಕುಗ್ಗಿದ್ದರಿಂದ ಬಿಗ್ ಎಂಡಿಗೆ ಹೋಗಬೇಕಾದ ಎಣ್ಣೆ ಪಕ್ಕಕ್ಕೆ ಸೋರುತ್ತಿದ್ದಿತು. ಕಾದು ತೆಳುವಾದ ಎಣ್ಣೆ ಇನ್ನೂ ಬೇಗ ಸೋರುತ್ತದೆ. ಅದಕ್ಕೇ ಸದ್ದು ದೊಡ್ಡಬಾತಿಯವರೆಗೆ ಕಾದಿದ್ದಿತು. ಹಾಗೆಯೇ ಓಡಿಸಿದ್ದರೆ ಆ ತರುಣನ ಮಾತು ಸಂಜೆಯೊಳಗೆ ನಿಜವಾಗುತ್ತಿದ್ದಿತು.

ಹಿರಿಯರು ಮೂರನೆಯ ವಸ್ತುವೊಂದನ್ನು ನನ್ನ ಕೈಗಿತ್ತರು. “ಪಾನಾ ಹುಡುಕುವಾಗ ಟೂಲ್ ಬಾಕ್ಸಿನಾಗ ಸಿಕ್ಕತು. ಓದೀರೇನ್ರಿ?”

ಅಜ್ಜನ ಕಿರುಪುಸ್ತಕ. ಎಣ್ಣೆ ಬದಲಿಸಿದ, ಫಿಲ್ಟರು ಹಾಕಿದ ತಾರೀಖುಗಳು ವರ್ಷವರ್ಷವೂ ದುಂಡಗಿನ ಅಕ್ಷರಗಳಲ್ಲಿ. ಮೊದಲ ಪುಟದಲ್ಲಿ ಹೀಗಿದ್ದಿತು: ‘ನಿಂತ ಗಾಡಿಯ ಕಡ್ಡಿಯನ್ನು ನಂಬಬಾರದು. ಹತ್ತು ನಿಮಿಷ ಓಡಿಸಿ ನೋಡತಕ್ಕದ್ದು.’ ಎಂಟುನೂರು ವರ್ಷದ ಕಲ್ಲನ್ನು ಓದಿ ಬಂದ ನಾನು, ಎಂಟು ತಿಂಗಳಿಂದ ಮನೆಯಲ್ಲೇ ಇದ್ದ ಈ ಕಾಗದವನ್ನು ತೆರೆದು ನೋಡಿರಲಿಲ್ಲ. ಓದಿಲ್ಲ ಎಂದು ಹೇಳಲು ನಾಚಿಕೆಯಾಯಿತು.

ಹೊಸ ವಾಷರು, ಹೊಸ ಫಿಲ್ಟರು, ಹೊಸ ಎಣ್ಣೆ. ಪ್ಲಗ್ಗನ್ನು ಬಿಚ್ಚಿಟ್ಟು, ಸಡಿಲಿಸಿದ ತಿರುಪಿನಲ್ಲಿ ಎಣ್ಣೆ ಕಾಣುವವರೆಗೂ ನನ್ನಿಂದಲೇ ಕಿಕ್ ಹೊಡೆಸಿದರು. ಎಣ್ಣೆ ಮುಟ್ಟದೆ ಇಂಜಿನ್ ಹೊತ್ತಿಸಬಾರದಂತೆ. ಮೈಯೆಲ್ಲ ಬೆವರಾಯಿತು. ಅವರು ತೆಗೆದುಕೊಂಡ ಹಣ ಗುಜರಿಯವನು ಹೇಳಿದ ಖರ್ಚಿನ ಮುಂದೆ ಲೆಕ್ಕಕ್ಕೇ ಬಾರದು.

ಮನೆ ಮುಟ್ಟಿದಾಗ ಅಜ್ಜಿ ಆಗಲೇ ಗೇಟಿನ ಬಳಿ ಬಂದು ನಿಂತಿದ್ದರು. “ತಿರುವಿನ್ಯಾಗ ಬರೋವಾಗ್ಲೇ ಗೊತ್ತಾತು, ಅವರ ಗಾಡೀನ ಅಂತ,” ಎಂದರು. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋದರು. ಕೊಳ್ಳುವವರು ಮತ್ತೆ ಬಂದಾಗ ಅವರೇ ಚಹಾ ಕೊಟ್ಟು, ಮಾರುವುದಿಲ್ಲವೆಂದು ಹೇಳಿ ಕಳುಹಿಸಿದರು.

ಆ ರಾತ್ರಿ ಕಿರುಪುಸ್ತಕದಲ್ಲಿ ಅಜ್ಜನ ಕಡೆಯ ತಾರೀಖಿನ ಕೆಳಗೆ ಅಂದಿನ ತಾರೀಖನ್ನು ಬರೆದೆ. ಅಕ್ಷರ ಮಾತ್ರ ಅವರದರಷ್ಟು ದುಂಡಗೆ ಬರಲಿಲ್ಲ.