ಪ್ರವಾಸವೂ ಯೋಗಕ್ಷೇಮವೂ

ಬಂಧುಗಳಿಗೆ ಕಾಗದ ಬರೆಯುವಾಗ ಅವರ ಯೋಗಕ್ಷೇಮವನ್ನು ವಿಚಾರಿಸುವುದು ನಮ್ಮ ಹಿರಿಯರಿಂದ ಬಂದ ಪದ್ಧತಿ. ನಿತ್ಯವೂ ಬಳಸುವ ಈ ಶಬ್ದದಲ್ಲಿ ಎರಡು ಬೇರೆ ಬೇರೆ ಪದಗಳು ಸೇರಿವೆಯೆಂಬುದು ಅನೇಕರ ಗಮನಕ್ಕೆ ಬಂದಿರಲಾರದು. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ದೇಶಾಟನೆಯು ಯೋಗದ ಪಕ್ಷಕ್ಕೆ ಸೇರಿದುದು. ಮನೆಯಲ್ಲಿ ನಿಲ್ಲುವುದು ಕ್ಷೇಮದ ಪಕ್ಷಕ್ಕೆ ಸೇರಿದುದು. ಪೂರ್ವಿಕರು ಇವೆರಡನ್ನೂ ಒಂದೇ ಸಮಾಸದಲ್ಲಿ ಕಟ್ಟಿಟ್ಟಿರುವಾಗ, ಒಂದನ್ನು ಬಿಟ್ಟು ಇನ್ನೊಂದನ್ನೇ ಹಿಡಿದ ಗೃಹಸ್ಥನು ಅರ್ಧವನ್ನು ಮಾತ್ರ ಪಡೆದನೆಂದು ತಿಳಿಯಬೇಕು. ಪರದೇಶದಲ್ಲಿ ಭಯೋತ್ಪಾದಕರ ಕೃತ್ಯ ನಡೆದ ವಾರ್ತೆ ಬಂದಾಗ, ಅಲ್ಲಿಗೆ ಹೊರಡಲು ಸಿದ್ಧವಾಗಿದ್ದ ಕುಟುಂಬವು ಏನು ಮಾಡತಕ್ಕದ್ದೆಂಬುದನ್ನು ಈ ಎರಡು ಪದಗಳನ್ನು ಮುಂದಿಟ್ಟುಕೊಂಡು ವಿಚಾರಮಾಡುವುದೇ ನಮ್ಮ ಉದ್ದೇಶ.

ಈ ಪ್ರಶ್ನೆ ನಮಗೆ ಪುಸ್ತಕದಿಂದ ಬಂದುದಲ್ಲ. 2019ರಲ್ಲಿ ನಾವಿನ್ನೂ ಉಪಾಧ್ಯಾಯ ವೃತ್ತಿಯಲ್ಲಿದ್ದೆವು. ಆ ವರ್ಷದ ಬೇಸಗೆಯ ರಜೆಯಲ್ಲಿ ಸಿಂಹಳಕ್ಕೆ, ಎಂದರೆ ಶ್ರೀಲಂಕೆಗೆ, ಹೋಗಿಬರಬೇಕೆಂದು ನಿಶ್ಚಯಿಸಿ ಮುಂಗಡ ಹಣವನ್ನೂ ಕಟ್ಟಿದ್ದೆವು. ಇತಿಹಾಸದ ಎಂ.ಎ. ತರಗತಿಯಲ್ಲಿ ಓದುತ್ತಿದ್ದ ನಮ್ಮ ಮಗಳಿಗೆ ಅನುರಾಧಪುರದ ಸ್ತೂಪಗಳನ್ನೂ ಸಿಗಿರಿಯದ ಬಂಡೆಯ ಮೇಲಿನ ಚಿತ್ರಗಳನ್ನೂ ಕಣ್ಣಾರೆ ನೋಡಬೇಕೆಂಬ ಹಂಬಲ ಬಹುಕಾಲದಿಂದ ಇದ್ದಿತು. ಹೀಗಿರುವಲ್ಲಿ ಏಪ್ರಿಲ್ 21ರಂದು, ಈಸ್ಟರ್ ಹಬ್ಬದ ಭಾನುವಾರ ಬೆಳಿಗ್ಗೆ, ಆ ದ್ವೀಪದ ಮೂರು ಚರ್ಚುಗಳಲ್ಲಿಯೂ ಕೊಲಂಬೋ ನಗರದ ಮೂರು ದೊಡ್ಡ ಹೋಟೆಲುಗಳಲ್ಲಿಯೂ ಆತ್ಮಾಹುತಿ ಬಾಂಬುಗಳು ಸಿಡಿದವು. ಸುಮಾರು 270 ಮಂದಿ ಪ್ರಾಣ ಕಳೆದುಕೊಂಡರು. ಮಡಿದ ಭಾರತೀಯರಲ್ಲಿ ನಮ್ಮ ರಾಜ್ಯದವರೂ ಹಲವರಿದ್ದರು. ಏಪ್ರಿಲ್ 18ರ ಮತದಾನದ ಕೆಲಸ ಮುಗಿಸಿ ವಿಶ್ರಾಂತಿಗೆಂದು ಹೋಗಿದ್ದ ರಾಜಕೀಯ ಪಕ್ಷದ ಕಾರ್ಯಕರ್ತರು ಅವರು. ಹೋಟೆಲಿನಲ್ಲಿ ಬೆಳಗಿನ ಉಪಾಹಾರದ ಹೊತ್ತಿಗೆ ಅವರಿಗೆ ಮೃತ್ಯು ಬಂದಿತು. ದೂರದೇಶದ ವಾರ್ತೆಯೆಂದು ಓದಿ ಮಡಿಚಿಡುವಂತಿರಲಿಲ್ಲ. ನೆರೆಯ ಮನೆಯ ದುಃಖದಂತೆ ಅದು ನಮ್ಮ ಬಾಗಿಲಿಗೇ ಬಂದಿತ್ತು.

ಆ ವಾರ ನಮ್ಮ ಮನೆಯಲ್ಲಿ ಮೂರು ಮತಗಳು ಎದ್ದವು. ನಮ್ಮ ಗೃಹಿಣಿಯವರು, ಸಿಂಹಳದ ಹೆಸರನ್ನೇ ಇನ್ನು ಎತ್ತಕೂಡದೆಂದರು. ಮಗಳು, ಒಮ್ಮೆ ಇಂಥ ಅನಾಹುತವಾದ ಮೇಲೆ ಕಾವಲು ಬಿಗಿಯಾಗುವುದರಿಂದ ಈಗಲೇ ಹೋಗುವುದು ಲೇಸೆಂದಳು. ಎಂಬತ್ತು ವರ್ಷ ದಾಟಿದ್ದ ನಮ್ಮ ತಾಯಿಯವರು ಮಾತ್ರ ಹೋಗೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. “ಅಲ್ಲಪ್ಪಾ, ಹೋದರೆ ಸಿಕ್ಕುವುದೇನು, ಹೋಗದಿದ್ದರೆ ತಪ್ಪಿಹೋಗುವುದೇನು, ಅದನ್ನು ಮೊದಲು ಹೇಳು. ಆಮೇಲೆ ಭಯದ ಮಾತು” ಎಂದರು. ವಾಸ್ತವವಾಗಿ ಯೋಗ ಮತ್ತು ಕ್ಷೇಮಗಳನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿ ಇಡುವ ಕ್ರಮವನ್ನು ಆ ಮಾತೇ ನಮಗೆ ತೋರಿಸಿತು.

ಮೊದಲು ಭಯದ ಸ್ವರೂಪವನ್ನು ನೋಡೋಣ. ಮಬ್ಬುಗತ್ತಲಲ್ಲಿ ಹಗ್ಗವನ್ನು ಕಂಡು ಹಾವೆಂದು ಬೆದರುವ ದೃಷ್ಟಾಂತವನ್ನು ವೇದಾಂತಿಗಳು ಹೇಳುವುದುಂಟು. ಇಂದಿನ ಭಯ ಬರಿಯ ಹಗ್ಗದಿಂದ ಹುಟ್ಟಿದುದಲ್ಲ. ಹಾವು ನಿಜವಾಗಿಯೂ ಇದೆ, ಕಚ್ಚಿಯೂ ಇದೆ. ಆದರೆ ಒಂದು ಹಾವನ್ನು ಕಂಡವನಿಗೆ ಹಿತ್ತಿಲಿನ ಬಳ್ಳಿಗಳೆಲ್ಲ ಹಾವಾಗಿ ತೋರುವುದುಂಟಷ್ಟೆ. 2008ರ ನವೆಂಬರ್ 26ರಂದು ಮುಂಬಯಿಯಲ್ಲಿ ಆರಂಭವಾದ ದಾಳಿಯಲ್ಲಿ 166 ಮಂದಿ ಹತರಾದರು. ಅದಾದ ಮೇಲೆ ಕನ್ನಡಿಗರು ಮುಂಬಯಿಗೆ ಹೋಗುವುದನ್ನು ಬಿಟ್ಟರೇ? ಬಿಡಲಿಲ್ಲ. ಮುಂಬಯಿ ಎಷ್ಟು ವಿಶಾಲವಾದ ನಗರವೆಂದು ನಮಗೆ ಗೊತ್ತು. ಅಲ್ಲಿ ನಮ್ಮ ಬಂಧುಗಳಿರುವ ಬೀದಿಗೂ ದಾಳಿ ನಡೆದ ಬೀದಿಗೂ ಎಷ್ಟು ದೂರವೆಂಬುದೂ ಗೊತ್ತು. ಅರಿಯದ ದೇಶವಾದರೋ ನಕ್ಷೆಯಲ್ಲಿ ಒಂದು ಚುಕ್ಕೆ. ಆ ಚುಕ್ಕೆಯ ಮೇಲೆ ರಕ್ತ ಬಿದ್ದಿತೆಂದರೆ ದೇಶವೆಲ್ಲ ಕೆಂಪಾಗಿ ಕಾಣುತ್ತದೆ. ಇದು ಬುದ್ಧಿಯ ದೋಷವಲ್ಲ, ಪರಿಚಯದ ಅಭಾವ.

ಭಯವು ಹಾದಿ ತಪ್ಪಿಸುವುದಕ್ಕೆ ಅಮೆರಿಕದಲ್ಲಿ ಒಂದು ನಿದರ್ಶನವಿದೆ. 2001ರ ಸೆಪ್ಟೆಂಬರ್ 11ರಂದು ನಾಲ್ಕು ವಿಮಾನಗಳನ್ನು ಅಪಹರಿಸಿ ನಡೆಸಿದ ದಾಳಿಯಲ್ಲಿ ಮೂರು ಸಾವಿರಕ್ಕೆ ಸಮೀಪದಷ್ಟು ಜನ ಸತ್ತರು. ಅನಂತರ ವಿಮಾನವೆಂದರೆ ಹೆದರಿದ ಅನೇಕರು ದೂರದ ಊರುಗಳಿಗೂ ಕಾರುಗಳಲ್ಲಿಯೇ ಹೋಗತೊಡಗಿದರು. ಗೆರ್ಡ್ ಗಿಗೆರೆಂಟ್ಸರ್ ಎಂಬ ಜರ್ಮನಿಯ ಮನಶ್ಶಾಸ್ತ್ರಜ್ಞರು ಇದರ ಲೆಕ್ಕ ತೆಗೆದು, ಮುಂದಿನ ಹನ್ನೆರಡು ತಿಂಗಳಲ್ಲಿ ಸುಮಾರು 1,500 ಮಂದಿ ಹೆಚ್ಚಾಗಿ ರಸ್ತೆಗಳ ಮೇಲೆ ಸತ್ತರೆಂದು ಅಂದಾಜು ಮಾಡಿದ್ದಾರೆ. ಆ ನಾಲ್ಕು ವಿಮಾನಗಳಲ್ಲಿದ್ದ ಪ್ರಯಾಣಿಕರಿಗಿಂತ ಇದು ಹಲವು ಪಟ್ಟು ಅಧಿಕ. ಕ್ಷೇಮವನ್ನು ಅರಸಿ ಹೋದವರು ಅಕ್ಷೇಮದ ದಾರಿಯನ್ನೇ ಹಿಡಿದರು. ನಮ್ಮ ದೇಶದ ಸಂಗತಿಯನ್ನು ಹೇಳತಕ್ಕದ್ದೇನು? ಸರ್ಕಾರದ ಲೆಕ್ಕದಂತೆ 2022ರಲ್ಲಿ ಭಾರತದ ರಸ್ತೆಗಳ ಮೇಲೆ ಅಪಘಾತದಿಂದ ಸತ್ತವರು 1,68,491 ಮಂದಿ. ಎಂದರೆ ದಿನವೊಂದಕ್ಕೆ ಸುಮಾರು 460. ಸಿಂಹಳಕ್ಕೆ ಹೋಗಲು ಹೆದರಿ, ಅದೇ ರಜೆಯಲ್ಲಿ ನಿದ್ದೆಗೆಟ್ಟ ಚಾಲಕನ ಬಾಡಿಗೆ ಕಾರಿನಲ್ಲಿ ರಾತ್ರಿಯೆಲ್ಲ ಘಾಟಿ ರಸ್ತೆಯನ್ನು ಇಳಿಯುವ ಗೃಹಸ್ಥನು ತಾನು ಕ್ಷೇಮದ ದಾರಿ ಹಿಡಿದೆನೆಂದು ಸಮಾಧಾನಪಡುವುದು ಹೇಗೆ?

ಹಾಗೆಂದು ಅಂಕಿಗಳನ್ನೇ ನೆಚ್ಚಿ ಧೈರ್ಯ ತಾಳುವುದೂ ವಿವೇಕವಲ್ಲ. ರಸ್ತೆಯ ಅಪಘಾತಕ್ಕೆ ದ್ವೇಷವಿಲ್ಲ. ಭಯೋತ್ಪಾದಕನಿಗೆ ದ್ವೇಷವೂ ಇದೆ, ಯೋಜನೆಯೂ ಇದೆ. ನಿನ್ನೆಯ ಸಂಖ್ಯೆ ನಾಳೆಗೆ ಪ್ರಮಾಣವಾಗದು. ಇಂಡೊನೇಷ್ಯದ ಬಾಲಿ ದ್ವೀಪದಲ್ಲಿ 2002ರ ಅಕ್ಟೋಬರ್ 12ರಂದು ಬಾಂಬು ಸಿಡಿದು 202 ಮಂದಿ ಸತ್ತರು. ಕ್ರಮೇಣ ಪ್ರವಾಸಿಗಳು ಮರಳಿ ಬರತೊಡಗಿದರು. 2005ರ ಅಕ್ಟೋಬರ್ 1ರಂದು ಅದೇ ದ್ವೀಪದಲ್ಲಿ ಮತ್ತೆ ದಾಳಿಯಾಯಿತು. ಆದುದರಿಂದ ಎಲ್ಲರೂ ಹೋಗುತ್ತಿದ್ದಾರೆಂಬುದು ಕ್ಷೇಮಕ್ಕೆ ಸಾಕ್ಷಿಯಲ್ಲ. ಹಾವನ್ನು ಹಗ್ಗವೆಂದು ಬಗೆದು ಕೈಯಲ್ಲಿ ಹಿಡಿಯುವುದು, ಹಗ್ಗವನ್ನು ಹಾವೆಂದು ಬಗೆದು ಓಡುವುದಕ್ಕಿಂತ ಹೆಚ್ಚು ಅಪಾಯಕರವಾದುದು.

ಹಾಗಾದರೆ ಸಾಕ್ಷಿ ಯಾವುದು? ಅನಾಹುತವೇ ನಡೆಯದ ದೇಶವನ್ನು ಹುಡುಕುತ್ತ ಹೋದರೆ ಲೋಕದಲ್ಲಿ ಹೋಗತಕ್ಕ ದೇಶವೇ ಉಳಿಯದು. ಎಚ್ಚರಿಕೆಯ ಮಾತನ್ನು ಕಿವಿಗೆ ಹಾಕಿಕೊಳ್ಳುವ ಆಡಳಿತವಿದೆಯೇ ಎಂಬುದೇ ನೋಡತಕ್ಕ ವಿಷಯ. ಸಿಂಹಳದಲ್ಲಿ ಆದದ್ದು ಇದರ ವಿಪರೀತ. ಇಂಥ ದಾಳಿ ನಡೆಯಬಹುದೆಂದು ಭಾರತದ ಗುಪ್ತಚರ ಇಲಾಖೆಯು ಏಪ್ರಿಲ್ ತಿಂಗಳ ಆದಿಯಲ್ಲಿಯೇ ತಿಳಿಸಿದ್ದಿತು. ಅಲ್ಲಿನ ಅಧಿಕಾರಿಗಳು ಅದನ್ನು ಲಕ್ಷಿಸಲಿಲ್ಲ. 2023ರ ಜನವರಿಯಲ್ಲಿ ಆ ದೇಶದ ಪರಮೋಚ್ಚ ನ್ಯಾಯಾಲಯವು ಈ ಅಲಕ್ಷ್ಯಕ್ಕಾಗಿ ಮಾಜಿ ಅಧ್ಯಕ್ಷರಾದ ಮೈತ್ರಿಪಾಲ ಸಿರಿಸೇನರು ಹತ್ತು ಕೋಟಿ ಅಲ್ಲಿನ ರೂಪಾಯಿಗಳನ್ನು ಪರಿಹಾರವಾಗಿ ಕೊಡತಕ್ಕದ್ದೆಂದು ತೀರ್ಪಿತ್ತಿತು. ನಾವು 2019ರ ಏಪ್ರಿಲಿನಲ್ಲಿ ಯೋಚಿಸುತ್ತಿದ್ದಾಗ ಈ ತೀರ್ಪು ಇರಲಿಲ್ಲವಾದರೂ, ಎಚ್ಚರಿಕೆಯನ್ನು ಕಡೆಗಣಿಸಿದ ಸಂಗತಿ ಆಗಲೇ ಪತ್ರಿಕೆಗಳಲ್ಲಿ ಬಂದಿದ್ದಿತು. ನಮ್ಮ ಸರ್ಕಾರವೂ ಅಗತ್ಯವಿಲ್ಲದೆ ಅಲ್ಲಿಗೆ ಹೋಗಬೇಡಿರೆಂದು ಪ್ರಜೆಗಳಿಗೆ ಸೂಚಿಸಿತು. ಬೇಸಗೆಯ ಪ್ರಯಾಣವನ್ನು ನಾವು ನಿಲ್ಲಿಸಿದೆವು. ಮುಂಗಡದ ಒಂದು ಭಾಗ ಮರಳಿ ಬರಲಿಲ್ಲ. ಅದನ್ನು ಕ್ಷೇಮದ ಖಾತೆಗೆ ಖರ್ಚು ಬರೆದೆವು.

ಆದರೆ ನಿಲ್ಲಿಸುವುದು ಬೇರೆ, ಬಿಡುವುದು ಬೇರೆ. ಮೇ ಕೊನೆಯ ಹೊತ್ತಿಗೆ ಭಾರತ ಸರ್ಕಾರವು ತನ್ನ ಸೂಚನೆಯನ್ನು ಸಡಿಲಿಸಿತು. ಜೂನ್ ತಿಂಗಳಲ್ಲಿ ಬ್ರಿಟನ್ ಸರ್ಕಾರವೂ ಹಾಗೆಯೇ ಮಾಡಿತು. ಆಗಸ್ಟ್ ತಿಂಗಳಲ್ಲಿ ಸಿಂಹಳದ ತುರ್ತುಪರಿಸ್ಥಿತಿ ಕೊನೆಗೊಂಡಿತು. ಭಾರತವೂ ಸೇರಿದಂತೆ ಹಲವು ದೇಶದವರಿಗೆ ವೀಸಾ ಶುಲ್ಕವನ್ನು ಬಿಟ್ಟುಕೊಟ್ಟರು. ಶುಲ್ಕ ಬಿಟ್ಟದ್ದು ನಮ್ಮ ಮನಸ್ಸನ್ನು ತಿರುಗಿಸಲಿಲ್ಲ. ಅಂಗಡಿಯವನು ಬೆಲೆ ಇಳಿಸಿದನೆಂದು ಸರಕು ಉತ್ತಮವಾಗುವುದಿಲ್ಲ. ಇಷ್ಟು ತಿಂಗಳಾದರೂ ಹೊಸ ದಾಳಿ ನಡೆಯದಿದ್ದುದನ್ನೂ, ತಪಾಸಣೆ ಬಿಗಿಯಾದುದನ್ನೂ ನೋಡಿ ನಮ್ಮ ಗೃಹಿಣಿಯವರೇ ದಸರಾ ರಜೆಯ ಮಾತನ್ನೆತ್ತಿದರು. ಆದರೆ ಒಂದು ನಿಬಂಧನೆ ಹಾಕಿದರು: ಹೋಗುವುದಾದರೆ ಮೂವರೂ ಕೂಡಿಯೇ ಹೋಗತಕ್ಕದ್ದು, ಮಗಳನ್ನು ಮಾತ್ರ ಕಳುಹಿಸಕೂಡದು. ಅಕ್ಟೋಬರಿನಲ್ಲಿ ತಾಯಿಯವರನ್ನು ತಮ್ಮನ ಮನೆಯಲ್ಲಿ ಬಿಟ್ಟು, ನಾವು ಮೂವರು ಕೊಲಂಬೋ ನಗರಕ್ಕೆ ವಿಮಾನ ಹತ್ತಿದೆವು.

ಅಲ್ಲಿ ನಮಗೆ ತಿಳಿದುಬಂದುದೇನೆಂದರೆ, ಈ ಲೆಕ್ಕಾಚಾರ ಆ ದೇಶದವರಿಗೆ ಹೊಸದಲ್ಲ. ಕ್ಯಾಂಡಿಯ ದಂತಮಂದಿರದ ಮೇಲೆ 1998ರ ಜನವರಿ 25ರಂದು ಬಾಂಬು ತುಂಬಿದ ಲಾರಿಯನ್ನು ನುಗ್ಗಿಸಿದ್ದರು. ಅಂದಿನಿಂದ ಮಂದಿರದ ಮುಂದಣ ರಸ್ತೆಯಲ್ಲಿ ವಾಹನ ಬಿಡುವುದಿಲ್ಲ. ಭಕ್ತರು ತಪಾಸಣೆಗೆ ಮೈಯೊಡ್ಡಿ, ತಾವರೆಯ ಹೂಗಳನ್ನು ಹಿಡಿದು ನಡೆದೇ ಹೋಗುತ್ತಾರೆ. ಅನುರಾಧಪುರದ ಬೋಧಿವೃಕ್ಷದ ಸನ್ನಿಧಿಯಲ್ಲಿ 1985ರ ಮೇ 14ರಂದು ಯಾತ್ರಿಕರ ಮೇಲೆ ಗುಂಡಿನ ಮಳೆ ಕರೆದಿದ್ದರು. ನಾವು ಹೋದ ದಿನ ಅಲ್ಲಿ ಬಿಳಿಯ ಉಡುಪಿನ ಸಂಸಾರಗಳು ಮಕ್ಕಳೊಡನೆ ಕುಳಿತಿದ್ದುವು. ಭಯವನ್ನು ಇವರು ಮರೆತವರಲ್ಲ. ಅದಕ್ಕೊಂದು ಬಾಗಿಲು, ಒಬ್ಬ ಕಾವಲುಗಾರ, ಒಂದು ನಿಯಮ ಎಂದು ಸ್ಥಳ ಗೊತ್ತುಮಾಡಿಕೊಟ್ಟು, ತಮ್ಮ ಕೆಲಸಕ್ಕೆ ತಾವು ಹೋಗುತ್ತಿದ್ದಾರೆ.

ನಮ್ಮನ್ನು ಕರೆದೊಯ್ದ ವ್ಯಾನಿನ ಚಾಲಕರು ನಲವತ್ತರ ಆಸುಪಾಸಿನವರು. ಇಂಗ್ಲಿಷಿನೊಡನೆ ಅಷ್ಟಿಷ್ಟು ತಮಿಳು ಬೆರೆಸಿ ಮಾತನಾಡುವರು. ವ್ಯಾನು ಕಂತಿನ ಸಾಲದ್ದು. ಈಸ್ಟರ್ ಕಳೆದ ಮೇಲೆ ಐದು ವಾರ ಒಂದು ಬಾಡಿಗೆಯೂ ಸಿಕ್ಕಲಿಲ್ಲವಂತೆ. ಹೆಂಡತಿಯ ಬಳೆಗಳನ್ನು ಒತ್ತೆಯಿಟ್ಟು ಕಂತು ಕಟ್ಟಿದರಂತೆ. “ತಪ್ಪು ಮಾಡಿದವರು ಅಂದೇ ಸತ್ತುಹೋದರು, ಸರ್. ಕಂತನ್ನು ಮಾತ್ರ ನಾವು ಕಟ್ಟಬೇಕು” ಎಂದರು. ಅವರು ಕರುಣೆಯನ್ನು ಬೇಡಲಿಲ್ಲ. ಹವೆಯ ವಿಚಾರ ಹೇಳಿದಂತೆ ಹೇಳಿ ರಸ್ತೆ ನೋಡುತ್ತ ಹೋದರು. 2018ರ ಮೇ ತಿಂಗಳಲ್ಲಿ ಆ ದೇಶಕ್ಕೆ ಬಂದ ಪ್ರವಾಸಿಗಳು 1,29,000ಕ್ಕೂ ಮೀರಿದ್ದರು. 2019ರ ಮೇ ತಿಂಗಳಲ್ಲಿ 38,000 ಕೂಡ ತುಂಬಲಿಲ್ಲ. ಈ ಎರಡು ಸಂಖ್ಯೆಗಳ ನಡುವಣ ಅಂತರದಲ್ಲಿ ಇಂಥ ಎಷ್ಟು ಮನೆಗಳ ಬಳೆಗಳು ಹೋದವೋ ದೇವರೇ ಬಲ್ಲ.

ಪ್ರವಾಸಿಗಳನ್ನು ಕೊಲ್ಲುವವನ ಗುರಿ ಸತ್ತವರಿಗಷ್ಟೇ ನಿಲ್ಲದು. ಆ ದೇಶದ ಅನ್ನದ ತಟ್ಟೆಯೂ ಅವನ ಲಕ್ಷ್ಯ. ಈಜಿಪ್ಟ್ ದೇಶದ ಲಕ್ಸರಿನಲ್ಲಿ 1997ರ ನವೆಂಬರ್ 17ರಂದು ಪುರಾತನ ದೇಗುಲವೊಂದರ ಬಳಿ 62 ಮಂದಿಯನ್ನು ಕೊಂದಾಗಲೂ, ಆ ಬಳಿಕ ಬಹುದಿನ ಹಸಿದವರು ಅಲ್ಲಿನ ದೋಣಿಯವರೂ ಅಂಗಡಿಯವರೂ ಆಗಿದ್ದರು. ಎಂದೆಂದಿಗೂ ಅತ್ತ ಸುಳಿಯೆನೆಂದು ಶಪಥಮಾಡುವವನು, ತಾನರಿಯದೆಯೇ, ಕೊಲೆಗಡುಕನು ಅರ್ಧಕ್ಕೆ ಬಿಟ್ಟ ಕೆಲಸವನ್ನು ಪೂರ್ತಿಮಾಡುತ್ತಾನೆ. ಹಾಗೆಂದು ಪರರ ಉಪಕಾರಕ್ಕಾಗಿ ಮನೆಯ ಮಕ್ಕಳನ್ನು ಅಪಾಯಕ್ಕೊಡ್ಡಬೇಕೆಂದು ನಾವು ಹೇಳುವುದಿಲ್ಲ. ಭಯೋತ್ಪಾದಕರಿಗೆ ಬೆದರೆವೆಂದು ತೋರಿಸಲೆಂದೇ ಹೊರಡುವುದು ಶೌರ್ಯವಲ್ಲ, ಹಟ. ಎರಡು ತಟ್ಟೆಗಳೂ ಸಮವಾಗಿ ನಿಂತಾಗ ಚಾಲಕರ ಕಂತಿನ ವಿಚಾರವೂ ಒಂದು ಕಾಳಿನಷ್ಟು ತೂಗಲಿ ಎಂದಷ್ಟೇ ನಮ್ಮ ಮಾತು.

ಇನ್ನೊಂದು ಸಂಗತಿಯುಂಟು. ಮುಂದೂಡುವುದಕ್ಕೂ ಬೆಲೆಯಿದೆ. ನಾವು ಮರಳಿ ಬಂದು ಐದು ತಿಂಗಳು ತುಂಬುವುದರೊಳಗಾಗಿ ಕೊರೋನಾ ವ್ಯಾಧಿಯಿಂದ ಲೋಕದ ಬಾಗಿಲುಗಳೆಲ್ಲ ಮುಚ್ಚಿದವು; ನಮ್ಮ ತಾಯಿಯವರು ಮುಂದಿನ ವರ್ಷ ತೀರಿಕೊಂಡರು. ಮಗಳು ಬಂಡೆಯ ಚಿತ್ರಗಳನ್ನೂ ಬೋಧಿಯ ಎಲೆಗಳನ್ನೂ ಅಜ್ಜಿಯ ಮುಂದೆ ಕುಳಿತು ವರ್ಣಿಸಿದ ಆ ಸಂಜೆಗಳು, ಇನ್ನೊಂದು ವರ್ಷ ನೋಡೋಣವೆಂದಿದ್ದರೆ ನಮ್ಮ ಮನೆಗೆ ದೊರಕುತ್ತಿರಲಿಲ್ಲ. “ಹೋದರೆ ಸಿಕ್ಕುವುದೇನು” ಎಂದು ಕೇಳಿದ್ದವರಿಗೆ ಉತ್ತರ ಅವರ ಜೀವಿತದಲ್ಲಿಯೇ ಸಿಕ್ಕಿತು. ಅತ್ತ ಸಿಂಹಳಕ್ಕೂ ಜನ ಮರಳಿದ್ದಾರೆ. 2024ರಲ್ಲಿ ಇಪ್ಪತ್ತು ಲಕ್ಷಕ್ಕೂ ಮೀರಿ ಬಂದ ಪ್ರವಾಸಿಗಳಲ್ಲಿ ಭಾರತೀಯರೇ ಎಲ್ಲರಿಗಿಂತ ಅಧಿಕ.

ಹೊರಡುವ ಮನಸ್ಸುಳ್ಳ ಗೃಹಸ್ಥರಿಗೆ ನಮ್ಮ ಅನುಭವದಿಂದ ನಾಲ್ಕು ಮಾತು. ಸುದ್ದಿ ಬಂದ ವಾರದಲ್ಲಿ ಯಾವ ನಿರ್ಣಯವನ್ನೂ ಮಾಡಬಾರದು; ಆಗ ಮಾತನಾಡುವುದು ಕಣ್ಣೀರು, ಬುದ್ಧಿಯಲ್ಲ. ನೆರೆಹೊರೆಯವರ ಮಾತಿಗಿಂತ, ನಮ್ಮ ಸರ್ಕಾರವೂ ಬೇರೆ ಒಂದೆರಡು ದೇಶಗಳ ಸರ್ಕಾರಗಳೂ ಹೊರಡಿಸುವ ಸೂಚನೆಗಳನ್ನು ಓದಬೇಕು. ಅವು ದೇಶದ ಯಾವ ಭಾಗಕ್ಕೆ ಸಂಬಂಧಿಸಿವೆಯೆಂಬುದನ್ನೂ ಗಮನಿಸಬೇಕು. ಹಣ ಕಟ್ಟುವ ಮುನ್ನ, ಪ್ರಯಾಣ ನಿಂತರೆ ಎಷ್ಟು ಮರಳುವುದೆಂದು ಬರಹದಲ್ಲಿ ಪಡೆಯಬೇಕು. ವಿಮೆಯ ಪತ್ರದಲ್ಲಿ ಭಯೋತ್ಪಾದನೆಯ ವಿಷಯವಾಗಿ ಏನು ಬರೆದಿದೆಯೆಂಬುದನ್ನು ಸಣ್ಣ ಅಕ್ಷರಗಳ ತನಕ ಓದಬೇಕು. ಅಲ್ಲಿರುವ ಭಾರತದ ರಾಯಭಾರ ಕಚೇರಿಯ ದೂರವಾಣಿ ಸಂಖ್ಯೆಯನ್ನು ಪ್ರತಿಯೊಬ್ಬರ ಜೇಬಿನಲ್ಲಿಯೂ, ಪಾಸ್‌ಪೋರ್ಟಿನ ನಕಲನ್ನು ಊರಿನ ಮನೆಯಲ್ಲಿಯೂ ಇಡಬೇಕು. ಇಷ್ಟನ್ನು ಮಾಡಿದ ಮೇಲೂ ಮನೆಯಲ್ಲಿ ಒಬ್ಬರ ಮನಸ್ಸು ಒಪ್ಪದಿದ್ದರೆ ಬಲಾತ್ಕಾರ ಸಲ್ಲದು. ನಡುಗುತ್ತ ನೋಡಿದ ದೇವಾಲಯ ಕಣ್ಣಿಗೆ ಹತ್ತುವುದಿಲ್ಲ.

ದೇಶ ಸುತ್ತು, ಕೋಶ ಓದು ಎಂಬುದು ಹಿರಿಯರ ಮಾತು. ಸುತ್ತುವವನು ಕಣ್ಣು ಮುಚ್ಚಿಕೊಂಡು ಸುತ್ತಬೇಕೆಂದು ಅವರು ಹೇಳಲಿಲ್ಲ. ಕಣ್ಣಿದ್ದವನು ಬಾಗಿಲಲ್ಲಿಯೇ ಕುಳಿತಿರಬೇಕೆಂದೂ ಹೇಳಲಿಲ್ಲ.